ಸುಬ್ಬಿಗೆ ಜೊತೆ ಬೇಕಾ?

“ಪಾಪ, ಒಂದೇ ಇದೆಯಲ್ಲಾ, ಬೇಜಾರಾಗಲ್ವಾ ಅದಕ್ಕೆ? ಇನ್ನೊಂದು ಮರಿ ತಂದುಬಿಡಿ.”

ನನ್ನ ಹತ್ತಿರ ಬ್ಲೌಸ್ ಹೊಲಿಸಿಕೊಳ್ಳಲು ಬರುವವರಲ್ಲಿ ಮುಕ್ಕಾಲು ಪಾಲು ಜನ ಈ ಮಾತು ಹೇಳದೆ ಹೋಗುವುದಿಲ್ಲ. ಅಳತೆ ಕೊಡುತ್ತಾ ನಿಂತವರ ಕಣ್ಣು ಹೊಲಿಗೆ ಮಷೀನಿನ ಹಲಗೆಯ ಕಡೆ ಹೋಗುತ್ತದೆ. ಅಲ್ಲಿ, ಆಗಷ್ಟೇ ಕತ್ತರಿಸಿಟ್ಟ ಲೈನಿಂಗ್ ಬಟ್ಟೆಯ ಮೇಲೆಯೇ, ನಮ್ಮ ಸುಬ್ಬಿ ಮಲಗಿರುತ್ತಾಳೆ. ಮೈಸೂರಿನ ಸರಸ್ವತೀಪುರಂನ ಈ ಮನೆಗೆ ಅಂಗೈಯಗಲದ ಮರಿಯಾಗಿ ಬಂದವಳು ಹೊಸಿಲು ದಾಟಿ ಹೊರಗೆ ಹೋದವಳಲ್ಲ. ಮನುಷ್ಯರಿಗೆ ಒಂಟಿತನ ಶಿಕ್ಷೆ, ಹಾಗಾಗಿ ಬೆಕ್ಕಿಗೂ ಶಿಕ್ಷೆಯೇ ಇರಬೇಕು ಅನ್ನುವುದು ಬಂದವರ ಲೆಕ್ಕ. ಈ ಲೆಕ್ಕವನ್ನು ಸುಬ್ಬಿ ಒಪ್ಪುವುದಿಲ್ಲ. ಬೀದಿಯ ದಢಿಯ ನಮ್ಮ ಕಾಂಪೌಂಡ್ ಗೋಡೆ ಹತ್ತಿದಾಗಲೆಲ್ಲ ಅದನ್ನು ಅವಳು ಕೇರಿಗೆಲ್ಲ ಕೇಳುವಂತೆ ಹೇಳುತ್ತಾಳೆ.

ದಢಿಯ ಅಂದರೆ ಈ ರಸ್ತೆಯ ಗಂಡು ಬೆಕ್ಕು. ಬಿಳಿ ಮೈ, ಬೂದು ತೇಪೆ, ಎಡಗಿವಿ ಹರಿದಿದೆ. ಕೆನ್ನೆಗಳು ಊದಿಕೊಂಡು ಮುಖ ಗುಂಡಗಾಗಿದೆ. ಬೀಜ ತೆಗೆಸದೆ ಬೆಳೆದ ಗಂಡು ಬೆಕ್ಕುಗಳಿಗೆಲ್ಲ ಹೀಗೆ ಕೆನ್ನೆ ದಪ್ಪವಾಗುತ್ತದೆ, ಅದು ಹಾರ್ಮೋನಿನ ಕೆಲಸ. ಅವನು ಯಾರ ಮನೆಯವನೂ ಅಲ್ಲ, ಎಲ್ಲರ ಮನೆಯಲ್ಲೂ ಉಂಡವನು.

ನನ್ನ ಮಷೀನು ಇರುವುದು ಕಿಟಕಿಯ ಪಕ್ಕದಲ್ಲೇ. ಹಾಗಾಗಿ ಈ ಇಬ್ಬರ ಭೇಟಿಯನ್ನು ಮೊದಲಿನಿಂದ ಕೊನೆಯವರೆಗೆ ನೋಡುವ ಭಾಗ್ಯ ನನ್ನದು. ಮೊದಲು ಸುಳಿವು ಸಿಗುವುದು ಸುಬ್ಬಿಯ ಕಿವಿಯಲ್ಲಿ. ಕಣ್ಣು ಮುಚ್ಚಿಯೇ ಇರುತ್ತದೆ, ಕಿವಿ ಮಾತ್ರ ಗೋಡೆಯ ಕಡೆ ತಿರುಗುತ್ತದೆ. ಆಮೇಲೆ ತಲೆ ಏಳುತ್ತದೆ, ಮೈ ಇಡಿಯಾಗಿ ಬಿಗಿಯುತ್ತದೆ. ಕಣ್ಣಿನ ಹಸಿರು ಹೋಗಿ ಕಪ್ಪು ಪಾಪೆಯೇ ತುಂಬಿಕೊಳ್ಳುತ್ತದೆ. ಬಾಲದ ತುದಿ ಮಾತ್ರ ಪಟಪಟ ಬಡಿಯುತ್ತಿರುತ್ತದೆ. ದಢಿಯ ಗೋಡೆಯ ಮೇಲೆ ಎರಡು ಹೆಜ್ಜೆ ಮುಂದೆ ಬಂದರೆ ಸಾಕು, ಬೆನ್ನಹುರಿಯ ಉದ್ದಕ್ಕೂ ಕೂದಲು ನಿಮಿರಿ, ಬಾಲ ಮೂರು ಪಟ್ಟು ದಪ್ಪವಾಗಿ, ಕಿವಿ ತಲೆಗಂಟಿಕೊಂಡು, ಹೊಟ್ಟೆಯೊಳಗಿಂದ ಒಂದು ಗುರುಗುರು ಏಳುತ್ತದೆ. ಅದು ಮೇಲೇರುತ್ತಾ ಮಗುವಿನ ಅಳುವಿನಷ್ಟು ದೊಡ್ಡದಾಗಿ, ಕೊನೆಗೆ ಗಾಜಿಗೆ ಫಟ್ಟನೆ ಒಂದು ಏಟು. ದಢಿಯನಿಗೆ ಇದಾವುದೂ ತಟ್ಟುವುದಿಲ್ಲ. ಅವನು ಮುಖ ಪಕ್ಕಕ್ಕೆ ತಿರುಗಿಸಿ ಪಂಜ ನೆಕ್ಕಿಕೊಳ್ಳುತ್ತಾನೆ. ನಂತರ ನಿಧಾನವಾಗಿ ಇಳಿದು, ಕನಕಾಂಬರದ ಕುಂಡಕ್ಕೆ ಬೆನ್ನು ಮಾಡಿ, ಬಾಲ ನೆಟ್ಟಗೆತ್ತಿ ಅಲುಗಿಸುತ್ತಾ ಒಂದು ಧಾರೆ ಬಿಟ್ಟು ಹೊರಟುಹೋಗುತ್ತಾನೆ.

ನೋಡಿದವರು ನಗುತ್ತಾರೆ, “ಏನು ಕೋಪ ನಿಮ್ಮ ಸುಬ್ಬಿಗೆ!” ಅನ್ನುತ್ತಾರೆ. ಅದರಲ್ಲಿ ಕೋಪ ಕಡಿಮೆ, ಭಯವೇ ಹೆಚ್ಚು. ಕಿವಿ ಹಿಂದಕ್ಕೆ ಮಲಗಿದೆ, ಪಾಪೆ ಅಗಲವಾಗಿದೆ, ಮೈ ಅಡ್ಡಡ್ಡ ತಿರುಗಿ ದೊಡ್ಡದಾಗಿ ಕಾಣಿಸಿಕೊಳ್ಳುತ್ತಿದೆ ಅಂದರೆ, ಅದು ಹೊಡೆದಾಟ ಬೇಡವಾದ ಬೆಕ್ಕು ಎದುರಿನವನನ್ನು ದೂರದಿಂದಲೇ ಓಡಿಸಲು ನೋಡುತ್ತಿರುವ ರೀತಿ.

ಒಂಟಿ ಬೇಟೆಗಾರನ ವಂಶ

ಈ ಭಯದ ಬೇರು ಬಹಳ ಹಿಂದೆ ಇದೆ. ಇಂದಿನ ಸಾಕು ಬೆಕ್ಕುಗಳೆಲ್ಲ ಪಶ್ಚಿಮ ಏಷ್ಯಾ ಮತ್ತು ಆಫ್ರಿಕಾದ ಒಣನಾಡಿನ ಕಾಡುಬೆಕ್ಕಿನ ಸಂತತಿ ಎಂದು 2007ರಲ್ಲಿ ಡಿಎನ್‌ಎ ಅಧ್ಯಯನ ತೋರಿಸಿತು. ಸೈಪ್ರಸ್ ದ್ವೀಪದ ಶಿಲ್ಲೂರೊಕಾಂಬೊಸ್ ಎಂಬಲ್ಲಿ ಸುಮಾರು 9,500 ವರ್ಷ ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಒಂದು ಎಳೆಯ ಬೆಕ್ಕನ್ನೂ ಹೂತಿದ್ದರು. ಅಂದರೆ ನಮ್ಮ ಅವರ ಒಡನಾಟ ಅಷ್ಟು ಹಳೆಯದು. ಆದರೆ ನಾಯಿಯ ಪೂರ್ವಜ ಹಿಂಡಿನಲ್ಲಿ ಬೇಟೆಯಾಡುತ್ತಿದ್ದ ತೋಳ, ಬೆಕ್ಕಿನ ಪೂರ್ವಜ ಇಲಿ ಓತಿಕೇತಗಳನ್ನು ಒಬ್ಬನೇ ಹಿಡಿದು ಒಬ್ಬನೇ ತಿನ್ನುತ್ತಿದ್ದ ಪ್ರಾಣಿ. ಒಂದು ಇಲಿಯಲ್ಲಿ ಇಬ್ಬರಿಗೆ ಪಾಲಿಲ್ಲ. ತನ್ನ ಸರಹದ್ದಿನಲ್ಲಿ ಕಾಣಿಸಿಕೊಂಡ ಇನ್ನೊಂದು ಬೆಕ್ಕು ಅಂದರೆ ತನ್ನ ಊಟಕ್ಕೆ ಬಂದ ಪಾಲುದಾರ.

ಹಾಗಂತ ಬೆಕ್ಕುಗಳು ಕೂಡಿ ಬಾಳುವುದೇ ಇಲ್ಲ ಅಂತಲ್ಲ. ಮೀನು ಮಾರುಕಟ್ಟೆಯಲ್ಲಿ, ಹಾಲಿನ ಡೈರಿಯ ಹಿಂದೆ, ಊಟ ಹೇರಳವಾಗಿ ಸಿಗುವಲ್ಲಿ ಗುಂಪುಗಳಿರುತ್ತವೆ. ಗಮನಿಸಿ ನೋಡಿದರೆ ಅವು ಹೆಚ್ಚಾಗಿ ಅಜ್ಜಿ, ತಾಯಿ, ಮಗಳು, ಚಿಕ್ಕಮ್ಮ. ಒಬ್ಬರ ಮರಿಗೆ ಇನ್ನೊಬ್ಬರು ಹಾಲು ಕುಡಿಸುವುದೂ ಉಂಟು. ಆದರೆ ಹೊರಗಿನ ಬೆಕ್ಕು ಬಂದರೆ ಇದೇ ಗುಂಪು ಅಟ್ಟಿಸಿಕೊಂಡು ಹೋಗುತ್ತದೆ. ಪರಿಚಿತರ ಮೇಲೆ ಎಷ್ಟೇ ಅಕ್ಕರೆ ಇದ್ದರೂ ಅಪರಿಚಿತರನ್ನು ಸೇರಿಸಿಕೊಳ್ಳುವುದು ಬೆಕ್ಕಿಗೆ ಸುಲಭವಲ್ಲ.

ನಾನು ಬೆಳೆದದ್ದು ತೀರ್ಥಹಳ್ಳಿಯ ಕಡೆ. ಅಲ್ಲಿ ನಾವು ಬೆಕ್ಕಿಗೆ ಕೊತ್ತಿ ಅನ್ನುತ್ತಿದ್ದೆವು. ಬಚ್ಚಲ ಒಲೆಯ ಬೂದಿಯಲ್ಲಿ ಒಂದು, ಅಟ್ಟದಲ್ಲಿ ಒಂದು, ಕೊಟ್ಟಿಗೆಯಲ್ಲಿ ಹಾಲು ಕರೆಯುವ ಹೊತ್ತಿಗೆ ಹಾಜರಾಗುವುದು ಇನ್ನೊಂದು. ಪಕ್ಕದ ಮನೆಯ ಕೊತ್ತಿಯೂ ನಮ್ಮ ಅಡಿಕೆ ತೋಟದ ಸಂಕದ ಮೇಲೇ ಓಡಾಡುತ್ತಿತ್ತು. ಆದರೂ ದಿನಬೆಳಗಾದರೆ ಜಗಳವಿರಲಿಲ್ಲ. ಯಾಕೆ ಅನ್ನುವುದಕ್ಕೆ ಉತ್ತರವನ್ನು ಜರ್ಮನಿಯ ಪ್ರಾಣಿವರ್ತನೆ ತಜ್ಞ ಪೌಲ್ ಲೈಹೌಸೆನ್ 1960ರ ದಶಕದಲ್ಲೇ ಬರೆದಿಟ್ಟಿದ್ದಾರೆ. ಬೇರೆ ಬೇರೆ ಬೆಕ್ಕುಗಳು ಒಂದೇ ದಾರಿಯನ್ನು ಬಳಸುತ್ತವೆ, ಆದರೆ ಬೇರೆ ಬೇರೆ ಹೊತ್ತಿನಲ್ಲಿ. ಬೀದಿ ನಲ್ಲಿಯಲ್ಲಿ ನೀರು ಹಿಡಿಯುವವರ ಸರದಿ ಇದ್ದಂತೆ ಅವುಗಳಲ್ಲೂ ಒಂದು ಸರದಿ. ದಾರಿಯ ಕವಲಿನಲ್ಲಿ ಎದುರಾದರೆ ಒಂದು ಕೂತುಬಿಡುತ್ತದೆ, ಇನ್ನೊಂದು ದೂರದಲ್ಲಿ ಕೂತು ಎತ್ತಲೋ ನೋಡುತ್ತದೆ, ಯಾರೋ ಒಬ್ಬರು ಹಿಂದೆ ಸರಿಯುತ್ತಾರೆ. ಮೈಮುಟ್ಟುವ ಜಗಳ ಕಡೆಯ ಅಸ್ತ್ರ.

ಈ ಏರ್ಪಾಡಿಗೆ ಎರಡು ಬೇಕು. ಹಿಂದೆ ಸರಿಯಲು ಜಾಗ, ಮತ್ತು ಮೂಸಿ ತಿಳಿಯಲು ವಾಸನೆ. ಮನೆಯೊಳಗಿನ ಬೆಕ್ಕಿಗೆ ಇವೆರಡೂ ಇಲ್ಲ.

ಗಾಜಿನ ತೊಂದರೆ

ಬೆಕ್ಕಿನ ಕೆನ್ನೆ, ಗಲ್ಲ, ಹಣೆ, ಬಾಲದ ಬುಡ, ಪಂಜದ ಮೆತ್ತೆಗಳ ನಡುವೆ ವಾಸನೆಯ ಗ್ರಂಥಿಗಳಿವೆ. ಅದು ಬಾಗಿಲ ಚೌಕಟ್ಟಿಗೆ, ನಮ್ಮ ಕಾಲಿಗೆ ಕೆನ್ನೆ ಉಜ್ಜುವುದು ಬರೀ ಮುದ್ದಿಗಲ್ಲ, ಇದು ನನ್ನ ಜಾಗ ಎಂದು ಬರೆದಿಡುವುದಕ್ಕೆ. ಉಗುರಿನಲ್ಲಿ ಸೋಫಾ ಕೆರೆಯುವುದರಲ್ಲೂ ಆ ಬರಹ ಇದೆ. ದಢಿಯ ಕುಂಡಕ್ಕೆ ಬಿಟ್ಟ ಧಾರೆಯಲ್ಲಿ ಅವನು ಗಂಡೋ ಹೆಣ್ಣೋ, ಯಾವಾಗ ಬಂದು ಹೋದ ಅನ್ನುವ ವಿವರವಿದೆ. ಬೆಕ್ಕಿನ ಅಂಗುಳಿನಲ್ಲಿ ಇದನ್ನು ಓದುವುದಕ್ಕೆಂದೇ ಜೇಕಬ್ಸನ್ ಅಂಗ ಎಂಬ ಬೇರೊಂದು ಇಂದ್ರಿಯ ಇದೆ. ಬೆಕ್ಕು ಏನನ್ನೋ ಮೂಸಿ, ಮೇಲ್ದುಟಿ ಎತ್ತಿ, ಬಾಯಿ ಅರೆ ತೆರೆದು ಪೆದ್ದುಪೆದ್ದಾಗಿ ನಿಲ್ಲುವುದನ್ನು ನೀವು ನೋಡಿರಬಹುದು. ಆಗ ಅದು ಓದುತ್ತಿದೆ.

ದೂರದಿಂದ ಮೊದಲು ಸಿಗುವ ಸುದ್ದಿ ಮಾತ್ರ ಕಣ್ಣಿಗೆ. 1990ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಕಪ್ಪು ಕಾಗದದಲ್ಲಿ ಬೆಕ್ಕಿನ ಆಕಾರ ಕತ್ತರಿಸಿ ಬೆಕ್ಕಿರುವ ಮನೆಗಳ ಗೋಡೆಗೆ ಅಂಟಿಸಿದರು. ಬಾಲ ನೆಟ್ಟಗೆ ಮೇಲಕ್ಕೆತ್ತಿದ ಚಿತ್ರ ಕಂಡಾಗ ಮನೆಯ ಬೆಕ್ಕು ತಾನೂ ಬಾಲವೆತ್ತಿ ಹತ್ತಿರ ಹೋಯಿತು. ಬಾಲ ಇಳಿಬಿಟ್ಟ ಚಿತ್ರ ಕಂಡಾಗ ಹಿಂಜರಿಯಿತು. ಎತ್ತಿದ ಬಾಲ ಬೆಕ್ಕುಗಳಲ್ಲಿ ನಮಸ್ಕಾರ. ಹತ್ತಿರ ಹೋಗಿ ಮೂಸಿದಾಗ ಅದು ಕಾಗದ ಎಂದು ಗೊತ್ತಾಯಿತು, ಅಲ್ಲಿಗೆ ಕಥೆ ಮುಗಿಯಿತು.

ಸುಬ್ಬಿಗೆ ಈ ಕೊನೆಯ ಹಂತ ಸಿಗುವುದೇ ಇಲ್ಲ. ದಢಿಯ ಬಾಲವೆತ್ತಿ ನಮಸ್ಕಾರ ಹೇಳುವವನಲ್ಲ. ಗಾಜು ಅಡ್ಡವಿರುವುದರಿಂದ ಮೂಸಿ ತೀರ್ಮಾನಕ್ಕೆ ಬರುವಂತಿಲ್ಲ. ಅವನನ್ನು ಓಡಿಸುವಂತಿಲ್ಲ, ತಾನೇ ದೂರ ಹೋಗೋಣವೆಂದರೆ ಇರುವುದು ಎರಡು ಕೋಣೆ ಒಂದು ಹಜಾರ. ಅವಳು ಕಿರುಚಿದ್ದಕ್ಕೂ ಅವನು ಹೋಗಿದ್ದಕ್ಕೂ ಸಂಬಂಧವಿಲ್ಲ, ಅವನಿಗೆ ಬೇಸರವಾದಾಗ ಹೋಗುತ್ತಾನೆ. ಬೀದಿಯಲ್ಲಿ ಎರಡು ನಿಮಿಷಕ್ಕೆ ತೀರುತ್ತಿದ್ದ ವ್ಯವಹಾರ ಕಿಟಕಿಯಲ್ಲಿ ದಿನವೂ ಬಾಕಿ ಉಳಿಯುತ್ತದೆ.

ಕೈ ಹಾಕಬೇಡಿ

ಬಾಕಿ ಉಳಿದದ್ದು ಎಲ್ಲಿ ತೀರುತ್ತದೆ ಅನ್ನುವುದು ಮುಖ್ಯ. ಕಿಟಕಿಯಲ್ಲಿ ಮೈ ಉಬ್ಬಿಸಿ ನಿಂತ ಬೆಕ್ಕನ್ನು “ಬಾರಮ್ಮಾ” ಎಂದು ಎತ್ತಿಕೊಳ್ಳಲು ಹೋದರೆ ಹೊರಗಿನವನಿಗೆ ಬೀಳಬೇಕಾದ ಹಲ್ಲು ನಿಮ್ಮ ಮುಂಗೈಗೆ ಇಳಿಯುತ್ತದೆ. ಪಶುವೈದ್ಯರು ಇದನ್ನು ದಿಕ್ಕು ತಪ್ಪಿದ ಆಕ್ರಮಣ ಅನ್ನುತ್ತಾರೆ. ಸಾಕಿದವರು ಎದೆಯೊಡೆದುಕೊಂಡು “ಇಷ್ಟು ವರ್ಷ ಸಾಕಿದ ನನ್ನನ್ನೇ ಕಚ್ಚಿತಲ್ಲಾ” ಅನ್ನುತ್ತಾರೆ. ಆ ಕ್ಷಣದಲ್ಲಿ ಬೆಕ್ಕಿಗೆ ನೀವು ಯಾರೆಂದೇ ತಿಳಿದಿರುವುದಿಲ್ಲ. ಆ ಉದ್ವೇಗ ಇಳಿಯಲು ಕೆಲವೊಮ್ಮೆ ಅರ್ಧ ಗಂಟೆ ಸಾಕು, ಕೆಲವೊಮ್ಮೆ ಇಡೀ ದಿನ ಬೇಕು.

ನಮ್ಮ ಮಹಡಿಯ ಬಾಡಿಗೆಯವರ ಮನೆಯಲ್ಲಿ ಒಂದೇ ಸೂಲಿನ ಅಕ್ಕ ತಂಗಿ ಬೆಕ್ಕುಗಳಿವೆ. ಒಂದರ ಹೊಟ್ಟೆಯ ಮೇಲೆ ಒಂದು ತಲೆಯಿಟ್ಟು ಮಲಗುವಷ್ಟು ಪ್ರೀತಿ. ಒಂದು ಸಂಜೆ ದಢಿಯ ಅವರ ಬಾಲ್ಕನಿಯ ಸಜ್ಜೆಗೇ ಹಾರಿದ. ಅವನನ್ನು ಕಂಡು ಉಬ್ಬಿದ ಅಕ್ಕ, ಪಕ್ಕದಲ್ಲಿದ್ದ ತಂಗಿಯ ಮೇಲೆರಗಿದಳು. ದಢಿಯ ಹೋದ ಮೇಲೂ ಇಬ್ಬರೂ ಒಬ್ಬರನ್ನೊಬ್ಬರು ಕಂಡರೆ ಬುಸುಗುಟ್ಟತೊಡಗಿದರು. ಕಡೆಗೆ ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿಟ್ಟು, ಹೊಸದಾಗಿ ತಂದ ಬೆಕ್ಕುಗಳಿಗೆ ಮಾಡುವಂತೆಯೇ ವಾಸನೆಯಿಂದ ಶುರುಮಾಡಿ ಪರಿಚಯ ಮಾಡಿಸಬೇಕಾಯಿತು. ಆಸ್ಪತ್ರೆಯ ಔಷಧಿ ವಾಸನೆ ಹೊತ್ತು ಮನೆಗೆ ಮರಳಿದ ಬೆಕ್ಕನ್ನೂ ಮನೆಯ ಇನ್ನೊಂದು ಬೆಕ್ಕು ಅಪರಿಚಿತನೆಂದೇ ಹೊಡೆಯುವುದುಂಟು. ಮುಖ ಅದೇ ಆದರೂ ವಾಸನೆ ಬೇರೆಯಾದರೆ ಬೆಕ್ಕು ನಂಬುವುದು ವಾಸನೆಯನ್ನೇ.

ಹಾಗಾಗಿ ಜಗಳದ ನಡುವೆ ಕೈ ಹಾಕಬಾರದು. ಒಂದು ದಪ್ಪ ರಟ್ಟನ್ನು ನಡುವೆ ತೂರಿಸಿ ನೋಟ ಮರೆಮಾಡಿ, ಇಲ್ಲವೇ ಕಂಬಳಿ ಎಸೆದು ಬೆಕ್ಕನ್ನು ಕತ್ತಲಾದ ಕೋಣೆಗೆ ದಾಟಿಸಿ ಬಿಟ್ಟುಬಿಡಿ. ಬೈಯುವುದು, ಹೊಡೆಯುವುದು ಬೇಡ, ಅದರಿಂದ ಭಯ ಇಮ್ಮಡಿಯಾಗುತ್ತದೆ ಅಷ್ಟೆ. ಕಚ್ಚಿಸಿಕೊಂಡರೆ ಅರಿಶಿನ ಮೆತ್ತಿ ಸುಮ್ಮನಾಗಬೇಡಿ. ಬೆಕ್ಕಿನ ಹಲ್ಲು ಸೂಜಿಮೊನೆಯದು, ರೋಗಾಣುವನ್ನು ಆಳಕ್ಕೆ ಇಳಿಸುತ್ತದೆ. ಮೇಲೆ ಚಿಕ್ಕ ಚುಕ್ಕೆ, ಒಳಗೆ ಕೀವು. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅಂದೇ ವೈದ್ಯರಲ್ಲಿಗೆ ಹೋಗಿ. ಬೆಕ್ಕಿನಿಂದಲೂ ರೇಬಿಸ್ ಬರುತ್ತದೆ. ಮನೆಯಿಂದ ಹೊರಹೋಗದ ಬೆಕ್ಕಿಗೂ ಲಸಿಕೆ ತಪ್ಪಿಸಬಾರದು.

ಸದ್ದಿಲ್ಲದ ಸಂಕಟ

ಎಲ್ಲ ಬೆಕ್ಕುಗಳೂ ಸುಬ್ಬಿಯಷ್ಟು ಗಲಾಟೆ ಮಾಡುವುದಿಲ್ಲ. ಕೆಲವು ಮಂಚದ ಕೆಳಗೆ ಸೇರಿಬಿಡುತ್ತವೆ, ತಿನ್ನುವುದು ಕಡಿಮೆ ಮಾಡುತ್ತವೆ, ಮೈ ನೆಕ್ಕಿ ನೆಕ್ಕಿ ಹೊಟ್ಟೆಯ ಕೂದಲು ಉದುರಿಸಿಕೊಳ್ಳುತ್ತವೆ. ಕೆಲವು ಬಾಗಿಲ ಮೂಲೆಗೆ, ಪರದೆಗೆ ಉಚ್ಚೆ ಸಿಂಪಡಿಸುತ್ತವೆ. ಸಂತಾನಹರಣ ಆದ ಬೆಕ್ಕುಗಳಲ್ಲೂ ಕೆಲವು ಹೀಗೆ ಮಾಡುತ್ತವೆ, ಗಂಡುಗಳಲ್ಲಿ ಹತ್ತಕ್ಕೆ ಒಂದರಷ್ಟು. ಅದು ಹಟವಲ್ಲ, ಬೇಲಿ ಗಟ್ಟಿ ಮಾಡುವ ಪ್ರಯತ್ನ.

ಇದಕ್ಕಿಂತ ಗಂಭೀರವಾದದ್ದು ಮೂತ್ರಕೋಶದ ಉರಿಯೂತ. ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದ ಪಶುವೈದ್ಯ ಟೋನಿ ಬಫಿಂಗ್ಟನ್ ವರ್ಷಗಟ್ಟಲೆ ಇದನ್ನೇ ಅಧ್ಯಯನ ಮಾಡಿದವರು. ಸೋಂಕು, ಕಲ್ಲು ಯಾವುದೂ ಇಲ್ಲದೆ ಮಾನಸಿಕ ಒತ್ತಡದಿಂದಲೇ ಬೆಕ್ಕಿನ ಮೂತ್ರಕೋಶ ಊದಿಕೊಳ್ಳಬಹುದು ಎಂದು ತಿಳಿದದ್ದು ಇಂಥ ಕೆಲಸದಿಂದ. ಬೆಕ್ಕು ಮತ್ತೆ ಮತ್ತೆ ಮಲಮೂತ್ರಕ್ಕೆಂದು ಇಟ್ಟ ಮಣ್ಣಿನ ಪೆಟ್ಟಿಗೆಗೆ ಹೋಗಿ ಮುಕ್ಕಿರಿಯುತ್ತಿದ್ದರೆ, ಹನಿಹನಿಯಾಗಿ, ಕೆಂಪಾಗಿ ಹೋಗುತ್ತಿದ್ದರೆ ಮನೆಮದ್ದು ಬೇಡ. ಗಂಡು ಬೆಕ್ಕಿಗೆ ಮೂತ್ರ ಪೂರ್ತಿ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಜೀವವೇ ಹೋಗುತ್ತದೆ.

ಕಿಟಕಿಯ ಇಕ್ಕೆಲದಲ್ಲಿ

ಮಾಡಬೇಕಾದದ್ದು ದೊಡ್ಡ ವಿದ್ಯೆಯೇನಲ್ಲ. ಮೊದಲು ನೋಟ ಕಡಿಯಬೇಕು. ನಾನು ಕಿಟಕಿಯ ಕೆಳಗಿನ ಅರ್ಧಕ್ಕೆ ಸ್ನಾನದ ಮನೆಗೆ ಹಾಕುವ ಮಬ್ಬು ಹಾಳೆ ಅಂಟಿಸಿದೆ. ಬೆಳಕು ಬರುತ್ತದೆ, ಗೋಡೆ ಕಾಣುವುದಿಲ್ಲ. ಸುಬ್ಬಿಗೆ ಬೀರುವಿನ ಮೇಲೆ ಹಳೆಯ ಕೌದಿ ಹಾಸಿಕೊಟ್ಟೆ. ಎತ್ತರದಲ್ಲಿ ಕೂತ ಬೆಕ್ಕಿಗೆ ಧೈರ್ಯ ಹೆಚ್ಚು. ಅಲ್ಲಿಂದ ಅವಳಿಗೆ ನುಗ್ಗೆಮರದ ಅಳಿಲು ಕಾಣುತ್ತದೆ, ದಢಿಯ ಕಾಣುವುದಿಲ್ಲ.

ಬೀದಿ ಬೆಕ್ಕಿಗೆ ಊಟ ಹಾಕುವವರು ಹಾಕಲಿ, ಆದರೆ ಸಾಕಿದ ಬೆಕ್ಕಿನ ಕಿಟಕಿಯ ಕೆಳಗಲ್ಲ. ದಢಿಯನ ತಟ್ಟೆಯನ್ನು ಈಗ ನಾವು ರಸ್ತೆಯಾಚೆಯ ಹೊಂಗೆಮರದ ಬುಡಕ್ಕೆ ಸಾಗಿಸಿದ್ದೇವೆ. ಸೊಳ್ಳೆಜಾಲರಿಯ ಮೂಲಕ ಮೂಗಿಗೆ ಮೂಗು ತಾಗಿದರೂ ಬೆಕ್ಕಿನ ನೆಗಡಿಯ ವೈರಸ್ ದಾಟಬಲ್ಲದು ಅನ್ನುವುದು ಇದಕ್ಕೆ ಇನ್ನೊಂದು ಕಾರಣ.

ಉಚ್ಚೆಯ ಜಾಗವನ್ನು ಫಿನಾಯಿಲಿನಿಂದ ಒರೆಸುವುದು ನಮ್ಮ ಮನೆಗಳ ಪದ್ಧತಿ. ಬೆಕ್ಕಿರುವ ಮನೆಯಲ್ಲಿ ಇದನ್ನು ಬಿಡಬೇಕು. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ತೀರಾ ಕಡಿಮೆ. ಅದು ನೆಲ ತುಳಿದು ಪಂಜ ನೆಕ್ಕುತ್ತದೆ, ವಿಷ ಒಳಗೆ ಹೋಗುತ್ತದೆ. ಎನ್‌ಜೈಮ್ ಇರುವ ಬಟ್ಟೆ ಒಗೆಯುವ ಪುಡಿಯನ್ನು ನೀರಿನಲ್ಲಿ ಕದಡಿ ಒರೆಸಿ, ಮತ್ತೆ ಬರೀ ನೀರಿನಲ್ಲಿ ಒರೆಸಿದರೆ ಆಯಿತು. ಹಾಗೆಯೇ ಬೆಕ್ಕು ಕೆನ್ನೆ ಉಜ್ಜಿದ ಮೂಲೆಗಳನ್ನು ದಿನವೂ ತಿಕ್ಕಿ ತೊಳೆಯಬೇಡಿ. ಅಮೆರಿಕ ಮತ್ತು ಬ್ರಿಟನ್ನಿನ ಬೆಕ್ಕು ವೈದ್ಯರ ಸಂಘಟನೆಗಳು 2013ರಲ್ಲಿ ಬೆಕ್ಕಿನ ನೆಮ್ಮದಿಗೆ ಐದು ಆಧಾರಗಳನ್ನು ಪಟ್ಟಿ ಮಾಡಿದಾಗ, ಅದರ ವಾಸನೆಯ ಲೋಕವನ್ನು ಕೆಡಿಸಬಾರದು ಅನ್ನುವುದೂ ಅವುಗಳಲ್ಲಿ ಒಂದಾಗಿತ್ತು.

ಜೊತೆ ತರಲೇಬೇಕೆಂದರೆ

ಒಂದೇ ಸೂಲಿನ ಎರಡು ಮರಿಗಳನ್ನು ಒಟ್ಟಿಗೇ ತರುವುದು ಎಲ್ಲಕ್ಕಿಂತ ಸುಲಭ. ಮರಿಗೆ ಎರಡರಿಂದ ಏಳು ವಾರ ವಯಸ್ಸಾಗುವ ಹೊತ್ತಿನಲ್ಲಿ ಯಾರ ಜೊತೆ ಬೆಳೆಯಿತೋ ಅವರನ್ನು ಅದು ತನ್ನವರೆಂದುಕೊಳ್ಳುತ್ತದೆ. ವರ್ಷಗಟ್ಟಲೆ ಒಬ್ಬಳೇ ಇದ್ದವಳ ಮನೆಗೆ ಹೊಸಬರನ್ನು ತರುವುದಾದರೆ ದಾರಿ ಉದ್ದ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಬೆಕ್ಕು ದತ್ತು ಪಡೆದವರನ್ನು ಕೇಳಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಅರ್ಧದಷ್ಟು ಮನೆಗಳಲ್ಲಿ ಶುರುವಿನಲ್ಲೇ ಜಗಳವಾಗಿತ್ತು. ಮೊದಲ ಭೇಟಿ ಕೆಟ್ಟರೆ ಆಮೇಲೂ ಜಗಳ ಮುಂದುವರಿಯುವ ಸಂಭವ ಹೆಚ್ಚು ಎಂದೂ ಕಂಡುಬಂತು. “ಬಿಡಿ, ಹೊಡೆದಾಡಿ ಸರಿಹೋಗ್ತವೆ” ಅನ್ನುವುದು ಎಷ್ಟು ತಪ್ಪು ನೋಡಿ.

ಹೊಸ ಬೆಕ್ಕಿಗೆ ಬೇರೆ ಕೋಣೆ, ಬೇರೆ ತಟ್ಟೆ, ಬೇರೆ ಮಣ್ಣಿನ ಪೆಟ್ಟಿಗೆ. ಬಾಗಿಲು ಮುಚ್ಚಿರಲಿ. ಒಂದರ ಕೆನ್ನೆ ಒರೆಸಿದ ಬಟ್ಟೆಯನ್ನು ಇನ್ನೊಂದರ ಹಾಸಿಗೆಯ ಹತ್ತಿರ ಇಡಿ. ಮೂಸಿ ಸುಮ್ಮನೆ ಹೋದರೆ ಶುಭಸೂಚನೆ. ನಂತರ ಮುಚ್ಚಿದ ಬಾಗಿಲ ಎರಡೂ ಬದಿಯಲ್ಲಿ ಇಬ್ಬರಿಗೂ ಊಟ, ದೂರದಿಂದ ಶುರುಮಾಡಿ ದಿನದಿಂದ ದಿನಕ್ಕೆ ಹತ್ತಿರಕ್ಕೆ. ಆ ವಾಸನೆ ಬಂದರೆ ಮೀನು ಸಿಗುತ್ತದೆ ಎಂದು ಮನಸ್ಸಿನಲ್ಲಿ ಕೂರಬೇಕು. ಆಮೇಲೆ ಜಾಲರಿಯ ಮೂಲಕ ಒಂದೆರಡು ನಿಮಿಷದ ನೋಟ, ಕಡೆಗೆ ಒಂದೇ ಕೋಣೆ. ಒಂದು ಹಂತದಲ್ಲಿ ಬುಸುಗುಟ್ಟಿದರೆ ಹಿಂದಿನ ಹಂತಕ್ಕೆ ಮರಳಬೇಕು. ಇದಕ್ಕೆಲ್ಲ ವಾರಗಳಿಂದ ತಿಂಗಳುಗಳು ಹಿಡಿಯುತ್ತವೆ. ಬೆಕ್ಕು ಎಷ್ಟೋ ಅದಕ್ಕಿಂತ ಒಂದು ಹೆಚ್ಚು ಮಣ್ಣಿನ ಪೆಟ್ಟಿಗೆ, ಅದೂ ಬೇರೆ ಬೇರೆ ಜಾಗದಲ್ಲಿ, ಅನ್ನುವುದು ವೈದ್ಯರ ಲೆಕ್ಕ.

ಆಟವೋ ಜಗಳವೋ ತಿಳಿಯುವುದು ಹೇಗೆ? ಸ್ಲೊವಾಕಿಯಾದ ಸಂಶೋಧಕಿ ನೊಯೆಮಾ ಗೈದೋಶ್ ಕ್ಮೆಟ್ಸೊವಾ ಮತ್ತು ಸಂಗಡಿಗರು ನೂರಕ್ಕೂ ಹೆಚ್ಚು ವಿಡಿಯೊಗಳನ್ನು ನೋಡಿ 2023ರಲ್ಲಿ ಒಂದು ಸುಲಭದ ಗುರುತು ಕೊಟ್ಟರು. ಸದ್ದಿಲ್ಲದೆ ಉರುಳಾಡಿ ಕುಸ್ತಿ ಆಡುತ್ತಿದ್ದರೆ ಬಹುಮಟ್ಟಿಗೆ ಆಟ. ಗುರುಗುಟ್ಟುವಿಕೆ, ಕಿರುಚಾಟ, ಒಬ್ಬನೇ ಅಟ್ಟಿಸಿಕೊಂಡು ಹೋಗುವುದು ಕಂಡರೆ ಜಗಳ. ಎರಡರ ನಡುವಿನದೂ ಇದೆ, ಆಟವಾಗಿ ಶುರುವಾಗಿ ಜಗಳಕ್ಕೆ ತಿರುಗುವುದು. ಆಗ ಸದ್ದಿಲ್ಲದೆ ಬೇರೆ ಮಾಡಬೇಕು.

ಇಷ್ಟೆಲ್ಲ ಮಾಡಿ ಎರಡು ಬೆಕ್ಕುಗಳು ಮಿತ್ರರಾಗದೆ, ಬರೀ ಒಂದೇ ಮನೆಯ ಎರಡು ಮೂಲೆಗಳಲ್ಲಿ ನೆಮ್ಮದಿಯಾಗಿದ್ದರೂ ಅದು ಗೆಲುವೇ.

ದಢಿಯನಿಗೆ ಏನು ಮಾಡಿದಿರಿ ಅಂತ ಕೇಳುವಿರಾದರೆ, ಮಹಡಿಯವರೂ ನಾವೂ ಖರ್ಚು ಹಂಚಿಕೊಂಡು, ಒಣಮೀನಿನ ಆಸೆ ತೋರಿಸಿ ಬೋನಿನಲ್ಲಿ ಹಿಡಿದು, ಶಸ್ತ್ರಚಿಕಿತ್ಸೆ ಮಾಡಿಸಿ, ಲಸಿಕೆ ಹಾಕಿಸಿ, ಮತ್ತೆ ಅದೇ ಬೀದಿಗೆ ಬಿಟ್ಟೆವು. ಬೀಜ ತೆಗೆಸಿದ ಹತ್ತು ಗಂಡು ಬೆಕ್ಕುಗಳಲ್ಲಿ ಸುಮಾರು ಒಂಬತ್ತರಲ್ಲಿ ಹೊಡೆದಾಟ, ಅಲೆದಾಟ, ಸಿಂಪಡಿಕೆ ತಗ್ಗುತ್ತವೆ ಎಂದು 1973ರ ಅಧ್ಯಯನವೊಂದು ಹೇಳಿತ್ತು. ದಢಿಯ ಆ ಒಂಬತ್ತರಲ್ಲೇ ಸೇರಿದ. ಕನಕಾಂಬರದ ಕುಂಡದ ನಾತ ಹೋಗಿದೆ. ಗೋಡೆ ಹತ್ತುವುದು ಅಪರೂಪ.

ಆದ್ದರಿಂದ ನನ್ನ ಮಾತಿಷ್ಟು. ಮನೆಯೊಳಗಿನ ಬೆಕ್ಕಿನ ಮೇಲೆ ಕರುಣೆ ಇದ್ದರೆ ಅದಕ್ಕೆ ಗೆಳೆಯರನ್ನು ಹುಡುಕುವ ಮೊದಲು ಅದರ ಕಿಟಕಿಯಾಚೆ ಯಾರು ಓಡಾಡುತ್ತಿದ್ದಾರೆ ನೋಡಿ. ಇನ್ನೊಂದು ಮರಿ ತರುವ ಹಣವನ್ನು ಬೀದಿಯ ಒಂದು ಗಂಡು ಬೆಕ್ಕಿನ ಶಸ್ತ್ರಚಿಕಿತ್ಸೆಗೆ ಕೊಡಿ. ಒಳಗಿರುವ ಬೆಕ್ಕಿಗೂ ಹೊರಗಿರುವ ಬೆಕ್ಕಿಗೂ ಒಟ್ಟಿಗೆ ಉಪಕಾರವಾಗುವುದು ಅದರಿಂದಲೇ.